ಎರಡು ಕಣ್ಣಿಗೆ ಎರಡು ಸಂಜೆ

ಕೊಡಗಿನಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕಾದರೆ ಹೆಚ್ಚುಕಡಿಮೆ ಅರ್ಧ ವರ್ಷ ಕಾಯಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಪಡುವಣ ದಿಕ್ಕು ಅಂತ ಒಂದು ಇದೆ ಎನ್ನುವುದೇ ಮರೆತುಹೋಗುತ್ತದೆ. ಬೆಳಗ್ಗೆ ಒಂದು ಬೂದು, ಮಧ್ಯಾಹ್ನ ಒಂದು ಬೂದು, ಸಂಜೆಗೆ ಇನ್ನೊಂದು ಬೂದು. ದೀಪ ಹಚ್ಚುವ ಹೊತ್ತಾಯಿತು ಅಂತ ಗಡಿಯಾರ ನೋಡಿ ತಿಳಿಯಬೇಕು. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಆಗಿ, ಆಮೇಲಿನ ಗುಡುಗು ಮಳೆಯೂ ಮುಗಿದು, ನಮ್ಮ ಸುಗ್ಗಿಯ ಹಬ್ಬ ಹುತ್ತರಿ ಹತ್ತಿರ ಬಂತು ಅನ್ನುವಾಗ ಆಕಾಶ ತಿಳಿಯಾಗುತ್ತದೆ. ಅಲ್ಲಿಂದ ಶುರು ನಮ್ಮ ಸಂಜೆಗಳು.

ಮಡಿಕೇರಿಯಿಂದ ಮಂಗಳೂರು ರಸ್ತೆ ಇಳಿಯುವ ಮಗ್ಗುಲಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆಯ ಮುಂದೆ ಕಣ. ಕಣದ ಆಚೆ ಗುಡ್ಡ ಇಳಿದು ಹೋಗುತ್ತದೆ. ಅದರ ಹಿಂದೆ ಇನ್ನೊಂದು ಗುಡ್ಡ, ಅದರ ಹಿಂದೆ ಮತ್ತೊಂದು. ತೀರಾ ಕೊನೆಗೆ ಘಟ್ಟದ ಕೆಳಗಿನ ಸೀಮೆ. ಅದರಾಚೆ ಕಡಲು ಇದೆ, ಆದರೆ ನಮಗೆ ಕಾಣುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸಂಜೆ ಐದೂವರೆ ಆದರೆ ನಾನು ಎಲ್ಲಿದ್ದರೂ ಕಣದ ಕಟ್ಟೆಗೆ ಬಂದು ಕೂರುತ್ತೇನೆ. ಸ್ವೆಟರ್ ಹಾಕಿಕೊಂಡು, ಕಿವಿಗೆ ಶಾಲು ಸುತ್ತಿಕೊಂಡು.

ಕೂರುವುದು ಅಂದರೆ ಸುಮ್ನೆ ಕೂರುವುದಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಆ ಹೊತ್ತು ಕಣದಲ್ಲಿ ಕೆಲಸ ಜಾಸ್ತಿ. ಕೊಯ್ದು ತಂದ ರೊಬಸ್ಟಾ ಹಣ್ಣನ್ನು ಬೆಳಗ್ಗೆ ತೆಳ್ಳಗೆ ಹರಡಿರುತ್ತೇವೆ. ಹಗಲಿಡೀ ಮರದ ಗೋರುಮಣೆಯಲ್ಲಿ ಮಗುಚುತ್ತಾ ಇರಬೇಕು. ಬಿಸಿಲು ಇಳಿಯುವ ಮೊದಲೇ ಎಲ್ಲವನ್ನೂ ಎಳೆದು ರಾಶಿ ಮಾಡಿ, ಮೇಲೆ ಟಾರ್ಪಾಲ್ ಹೊದಿಸಿ, ಅಂಚಿಗೆ ಕಲ್ಲು ಇಡಬೇಕು. ಇಲ್ಲದಿದ್ದರೆ ರಾತ್ರಿಯ ಇಬ್ಬನಿ ಕುಡಿದು ಬೆಳಗ್ಗೆ ಮತ್ತೆ ಒದ್ದೆ. ಮೊದಲ ಎರಡು ದಿನ ಹಣ್ಣು ಕೆಂಪಗಿರುತ್ತದೆ. ಹುಳಿಯೂ ಸಿಹಿಯೂ ಕಲೆತ ಒಂದು ವಾಸನೆ ಇಡೀ ಅಂಗಳದಲ್ಲಿ. ಆಮೇಲೆ ಕಂದು, ಆಮೇಲೆ ಕಪ್ಪು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಆಗ ಒಣಗಿತು ಅಂತ ಲೆಕ್ಕ.

ಈ ಕೆಲಸವನ್ನು ನಾನು ಚಿಕ್ಕವಳಿದ್ದಾಗಿನಿಂದ ಮಾಡುತ್ತಾ ಬಂದಿದ್ದೇನೆ. ಆದರೆ ಆಗ ಕಣ್ಣು ಕಾಫಿಯ ಮೇಲೆ ಮಾತ್ರ ಇರುತ್ತಿತ್ತು. ಅವ್ವ ಬೈಯುತ್ತಾಳೆ, ಬೇಗ ಎಳಿ, ಮೂಲೆಯಲ್ಲಿ ಉಳಿಯಿತು ನೋಡು. ಅಷ್ಟೇ ತಲೆಯಲ್ಲಿ. ಈಗ ರಾಶಿ ಎಳೆಯುವವರು ಬೇರೆ. ನಾನು ಕಲ್ಲು ಇಡುತ್ತೇನೆ, ಮತ್ತೆ ಕಟ್ಟೆಯಲ್ಲಿ ಕೂರುತ್ತೇನೆ. ಹಾಗಾಗಿ ನೋಡಲು ಪುರುಸೊತ್ತು ಸಿಕ್ಕಿದೆ. ಮಂಡಿ ನೋವಿನಿಂದ ನನಗೆ ಸಿಕ್ಕಿದ ಒಂದು ದೊಡ್ಡ ಉಪಕಾರ ಇದು.

ನಾನು ಹುಟ್ಟಿದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಕೊಡಗು ತನ್ನದೇ ಸಣ್ಣ ರಾಜ್ಯವಾಗಿ ಇದ್ದದ್ದು ಹೋಗಿ ಮೈಸೂರು ರಾಜ್ಯಕ್ಕೆ ಸೇರಿತು. ಅರವತ್ತು ತುಂಬಿ 2016ರಲ್ಲಿ ಪ್ರಾಥಮಿಕ ಶಾಲೆಯ ಕೆಲಸದಿಂದ ನಿವೃತ್ತಿ ಆಯಿತು. ಮಡಿಕೇರಿ ಪೇಟೆಯಲ್ಲಿ ಈಗಲೂ ಯಾರಾದರೂ ಹಿಂದಿನಿಂದ "ಟೀಚರ್" ಅಂತ ಕರೆದರೆ ತಿರುಗಿ ನೋಡುತ್ತೇನೆ. ಅರ್ಧ ಸಲ ಅವರು ಕರೆದದ್ದು ಬೇರೆಯವರನ್ನು. ಆದರೂ ತಿರುಗುವುದು ಬಿಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಎಡಗಣ್ಣಿನದು ಇನ್ನೂ ಬಾಕಿ ಇದೆ. ಕೊಯ್ಲು ಮುಗಿಯಲಿ, ಆಮೇಲೆ ಅಂತ ತಳ್ಳಿದ್ದೇನೆ. ಹೀಗಾಗಿ ಈ ಚಳಿಗಾಲ ಪೂರ್ತಿ ನನಗೆ ಎರಡು ಸಂಜೆಗಳು. ಒಂದು ಕಣ್ಣಿಗೆ ಒಂದು.

ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರೆ ಸೂರ್ಯನ ಅಂಚು ಖಚಿತ. ಗುಡ್ಡಗಳು ಒಂದೊಂದೂ ಬೇರೆ ಬೇರೆ ನಿಲ್ಲುತ್ತವೆ. ಹತ್ತಿರದ್ದು ಕಪ್ಪು ಹಸಿರು, ನಡುವಿನದು ನೀಲಿ, ಕೊನೆಯದು ನೇರಳೆ. ಕಿತ್ತಳೆ ಬಣ್ಣ ಮುಗಿದು ನೀಲಿ ಶುರುವಾಗುವ ಜಾಗದಲ್ಲಿ ಒಂದು ತೆಳು ಹಸಿರು ಪಟ್ಟಿ ಇದೆ. ಅದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲೇ ಇಲ್ಲ. ಇನ್ನು ಬಲಗಣ್ಣು ಮುಚ್ಚಿ ಎಡಗಣ್ಣು ಬಿಟ್ಟರೆ ಪಡುವಣಕ್ಕೆಲ್ಲ ಬೆಲ್ಲದ ಪಾಕ ಹೊಯ್ದ ಹಾಗೆ. ಸೂರ್ಯ ಎಲ್ಲಿ ಮುಗಿದ, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಸುತ್ತ ಕಿರಣಗಳು ಚೆದುರಿರುತ್ತವೆ. ಗುಡ್ಡಗಳೆಲ್ಲ ಸೇರಿ ಒಂದೇ ಗುಡ್ಡ.

ಡಾಕ್ಟರು ಇದಕ್ಕೆ ಕಾರಣ ಹೇಳಿದರು. ವಯಸ್ಸಾಗುತ್ತಾ ಕಣ್ಣಿನೊಳಗಿನ ಮಸೂರ ಮೆಲ್ಲಗೆ ಹಳದಿಯಾಗುತ್ತದಂತೆ. ಅದು ನೀಲಿ ಬೆಳಕನ್ನು ಹೆಚ್ಚು ಹೆಚ್ಚು ತಡೆಯುತ್ತದೆ. ಇದು ಎಷ್ಟು ನಿಧಾನ ಅಂದರೆ ನಮಗೆ ಗೊತ್ತೇ ಆಗುವುದಿಲ್ಲ. ಬಣ್ಣ ಹೋಗಿದೆ ಅಂತ ತಿಳಿಯುವುದು ಅದು ವಾಪಸ್ ಬಂದಾಗಲೇ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ನಾನು ಮೊದಲು ನೋಡಿದ್ದು ನರ್ಸ್ ಹಾಕಿದ್ದ ನೀಲಿ ಬಟ್ಟೆ. ಇಂಥ ನೀಲಿ ಲೋಕದಲ್ಲಿ ಇದೆಯಾ ಅಂತ ಬಾಯಿಬಿಟ್ಟೇ ಕೇಳಿದೆ.

ನಮ್ಮ ಅಜ್ಜಿಗೂ ಪೊರೆ ಬಂದಿತ್ತು. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಉಚಿತವಾಗಿ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಕಾಲ ಅದು. ಅಜ್ಜಿಗೆ ಆದದ್ದೂ ಅಂಥದ್ದೇ ಒಂದು ಶಿಬಿರದಲ್ಲಿ. ಆಗ ಪೊರೆ ಬಂದ ಮಸೂರ ತೆಗೆದುಬಿಡುತ್ತಿದ್ದರು, ಒಳಗೆ ಬೇರೆ ಏನೂ ಇಡುತ್ತಿರಲಿಲ್ಲ. ಬದಲಿಗೆ ದಪ್ಪ ಗಾಜಿನ ಕನ್ನಡಕ. ಅದರ ಹಿಂದೆ ಅಜ್ಜಿಯ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೆಟ್ಟಿಲು ಎಲ್ಲಿದೆ, ಲೋಟ ಎಷ್ಟು ದೂರ ಇದೆ, ಅವಳಿಗೆ ಅಂದಾಜು ತಪ್ಪುತ್ತಿತ್ತು. ಅಷ್ಟಾದರೂ ಆ ಕನ್ನಡಕ ತೆಗೆದು ಕಣ್ಣಿಗೆ ಒತ್ತಿಕೊಂಡೇ ಮಲಗುವಾಗ ದಿಂಬಿನ ಪಕ್ಕ ಇಡುತ್ತಿದ್ದಳು.

ನನ್ನ ಕಣ್ಣಿನೊಳಗೆ ಮಾತ್ರ ಈಗ ಒಂದು ಪುಟ್ಟ ಲೆನ್ಸ್ ಇದೆ. ಅದು ಅಲ್ಲಿಗೆ ಬಂದ ಕತೆ ಓದಿದ ಮೇಲೆ ನನಗೆ ಸಂಜೆ ನೋಡುವಾಗಲೆಲ್ಲ ಆ ಮನುಷ್ಯನ ನೆನಪು. ಹೆರಾಲ್ಡ್ ರಿಡ್ಲಿ ಅಂತ ಲಂಡನ್ನಿನ ಕಣ್ಣಿನ ಡಾಕ್ಟರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪೈಲಟ್‌ಗಳ ಕಣ್ಣಿಗೆ ಕಾಕ್‌ಪಿಟ್‌ನ ಒಡೆದ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಹೊರಗಿನ ವಸ್ತು ಹೊಕ್ಕರೆ ಸಾಮಾನ್ಯವಾಗಿ ಕಣ್ಣು ಊದಿ ಕೆಡುತ್ತದೆ. ಈ ಚೂರುಗಳನ್ನು ಕಣ್ಣು ಸಹಿಸಿಕೊಂಡು ಸುಮ್ಮನಿತ್ತು. ಅದನ್ನು ಗಮನಿಸಿದ ರಿಡ್ಲಿ, ಹಾಗಾದರೆ ಇದೇ ವಸ್ತುವಿನಲ್ಲಿ ಲೆನ್ಸ್ ಮಾಡಿ ಒಳಗೆ ಇಡಬಹುದಲ್ಲ ಅಂತ ಯೋಚಿಸಿದರು. 1949ರ ನವೆಂಬರ್‌ನಲ್ಲಿ ಮೊದಲ ಬಾರಿ ಇಟ್ಟರು. ಜೊತೆಯ ದೊಡ್ಡ ಡಾಕ್ಟರುಗಳು ಎಷ್ಟೋ ವರ್ಷ ಅದನ್ನು ಒಪ್ಪಲಿಲ್ಲ, ವಿರೋಧಿಸಿದರು. ರಿಡ್ಲಿ ಆ ಕೆಲಸ ಬಿಡಲಿಲ್ಲ. ತೀರಿಕೊಂಡದ್ದು 2001ರಲ್ಲಿ. ಯಾವುದೋ ಪೈಲಟ್‌ನ ನೋವು, ಯಾರದ್ದೋ ಹಟ, ಎಲ್ಲ ದಾಟಿ ಬಂದು ಕೊಡಗಿನ ಒಂದು ಕಾಫಿ ಕಣದಲ್ಲಿ ನನಗೆ ಹಸಿರು ಪಟ್ಟಿ ಕಾಣಿಸುತ್ತಿದೆ. ಇವರಿಗೆಲ್ಲ ನಾನು ಏನು ಕೊಡಲಿ? ಎಲ್ಲಿಗೆ ಹೋಗಿ ಹೇಳಲಿ?

ಕಿವಿಯ ವಿಷಯ ಬೇರೆ. ನನ್ನದು ಚೆನ್ನಾಗಿದೆ. ನಮ್ಮವರಿಗೆ ಕೇಳುವುದು ಕಡಿಮೆಯಾಗುತ್ತಿದೆ. ಮಾತು ಕೇಳುತ್ತದೆ, ಜೀಪಿನ ಸದ್ದು ಕೇಳುತ್ತದೆ. ವಯಸ್ಸಾದಾಗ ಮೊದಲು ಹೋಗುವುದು ತೀರಾ ಕೀರಲು ಸದ್ದುಗಳು. ಮೊನ್ನೆ ಸಂಜೆ ಇಬ್ಬರೂ ಕಟ್ಟೆಯಲ್ಲಿ ಕೂತಿದ್ದೆವು. ಸೂರ್ಯ ಹೋಗಿ ಆಗಿತ್ತು. ಹಾಲುವಾಣದ ಮರಗಳ ಕಡೆಯಿಂದ ಜೀರುಂಡೆಗಳು ಶುರು ಮಾಡಿದ್ದವು.

"ಈ ವರ್ಷ ಜೀರುಂಡೆಯೇ ಇಲ್ಲ, ಅಲ್ವಾ?" ಅಂದರು.

"ಉಂಟು ರೀ. ಜೋರಾಗೇ ಕೂಗ್ತಾ ಇವೆ."

ಸ್ವಲ್ಪ ಹೊತ್ತು ಅದೇ ಕಡೆ ಮುಖ ಮಾಡಿ ಕೂತರು.

"ಉಂಟಾದ್ರೆ ಸರಿ," ಅಂದರು. "ಔಷಧಿ ಹೊಡೆದು ಹೊಡೆದು ಎಲ್ಲ ಸತ್ತೇ ಹೋದವು ಅಂತ ನನಗೊಂದು ಬೇಜಾರಿತ್ತು."

ತಮಗೆ ಕೇಳದಿದ್ದರೂ ಪರವಾಗಿಲ್ಲ, ಅವು ಇದ್ದರೆ ಸಾಕು. ಅವರು ಅದನ್ನು ದೊಡ್ಡ ಮಾತು ಅಂತ ಹೇಳಿದ್ದಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರುವ ತನಕ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಐವತ್ತು ವರ್ಷದ ಹತ್ತಿರ ಒಟ್ಟಿಗೆ ಬದುಕಿದ ಮನುಷ್ಯನ ಬಗ್ಗೆ ಹೊಸದಾಗಿ ಗೌರವ ಹುಟ್ಟುವುದು ಸಣ್ಣ ವಿಷಯ ಅಲ್ಲ.

ಮಡಿಕೇರಿಗೆ ಬರುವವರು ಸೂರ್ಯಾಸ್ತ ನೋಡಲು ಹೋಗುವುದು ರಾಜಾಸೀಟಿಗೆ. ಹಿಂದೆ ಹಾಲೇರಿ ಅರಸರು ಸಂಜೆ ಕಳೆಯುತ್ತಿದ್ದ ಜಾಗ. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅಲ್ಲಿ ಇಷ್ಟು ಜನ ಇರಲಿಲ್ಲ. ಈಗ ಡಿಸೆಂಬರ್ ಕೊನೆಯ ವಾರ ಕಾಲಿಡಲು ಜಾಗ ಇರುವುದಿಲ್ಲ. ಜನ ಬರಲಿ, ನನಗೆ ಸಂತೋಷವೇ. ದೂರದ ಊರುಗಳಿಂದ ಬಂದು ಒಂದು ಸಂಜೆ ನೋಡಬೇಕು ಅನ್ನಿಸುತ್ತದಲ್ಲ, ಅದೇ ಒಳ್ಳೆಯದು. ಒಂದೇ ಒಂದು ಕೇಳಿಕೊಳ್ಳುವುದು. ಸೂರ್ಯ ಇಳಿದ ತಕ್ಷಣ ಕಾರಿನ ಕಡೆ ಓಡಬೇಡಿ. ಮೂಡಣ ದಿಕ್ಕು ತೆರೆದಿರುವ ಜಾಗ ಸಿಕ್ಕರೆ ಹಿಂದಕ್ಕೆ ತಿರುಗಿ ನಿಲ್ಲಿ. ದಿಗಂತದಲ್ಲಿ ಬೂದುನೀಲಿ ಬಣ್ಣದ ಒಂದು ಪಟ್ಟಿ ಮೇಲೇಳುತ್ತಾ ಬರುತ್ತದೆ. ಅದರ ಮೇಲಂಚಿಗೆ ಗುಲಾಬಿ. ಆ ಬೂದು ಪಟ್ಟಿ ನಾವು ನಿಂತಿರುವ ಇದೇ ಭೂಮಿಯ ನೆರಳು, ಆಕಾಶದ ಮೇಲೆ ಬಿದ್ದದ್ದು. ನಾನು ಮೂವತ್ತೆಂಟು ವರ್ಷ ಮಕ್ಕಳಿಗೆ ಗ್ರಹಣದ ಪಾಠದಲ್ಲಿ ಭೂಮಿಯ ನೆರಳಿನ ಚಿತ್ರ ಬರೆದಿದ್ದೇನೆ. ತಿಳಿಯಾದ ಸಂಜೆಗಳಲ್ಲಿ ಅದು ಕಣ್ಣೆದುರೇ ಇರುತ್ತದೆ.

ಇನ್ನೊಂದು. ದಿಗಂತವನ್ನು ಮುಟ್ಟಿದ ಹಾಗೆ ಸೂರ್ಯ ನಮಗೆ ಕಾಣುವಾಗ, ನಿಜವಾಗಿ ಅವನು ಆಗಲೇ ಕೆಳಗೆ ಹೋಗಿ ಆಗಿರುತ್ತಾನೆ. ಗಾಳಿ ಬೆಳಕನ್ನು ಬಗ್ಗಿಸಿ ಮೇಲಕ್ಕೆತ್ತಿ ತೋರಿಸುತ್ತದೆ. ಎರಡೂವರೆ ನಿಮಿಷದೊಳಗೆ ಆ ಕಾಣುವ ಸೂರ್ಯನೂ ಪೂರ್ತಿ ಇಳಿದುಬಿಡುತ್ತಾನೆ. ನಮ್ಮ ಸೀಮೆಯಲ್ಲಿ ಅವನು ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಇಷ್ಟು ಬೇಗ. ಡಿಸೆಂಬರ್‌ನಲ್ಲಿ ಇಳಿಯುವ ಜಾಗ ನೇರ ಪಶ್ಚಿಮದಿಂದ ಬಹಳ ಎಡಕ್ಕೆ, ದಕ್ಷಿಣದ ಕಡೆಗೆ. ನಮ್ಮ ಕಣದಿಂದ ನೋಡಿದರೆ ಎರಡು ಸಿಲ್ವರ್ ಓಕ್ ಮರಗಳ ನಡುವೆ. ಕೆಲವು ವಾರ ಅಲ್ಲೇ ನಿಂತ ಹಾಗೆ ಇದ್ದು, ಸಂಕ್ರಾಂತಿ ಕಳೆದ ಮೇಲೆ ಬಲಗಡೆಯ ಮರ ದಾಟುತ್ತಾನೆ.

ಈ ಚಳಿಗಾಲದಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ಸಂಗತಿ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22. ಅತಿ ಬೇಗ ಸಂಜೆಯಾಗುವುದೂ, ಅತಿ ತಡವಾಗಿ ಬೆಳಗಾಗುವುದೂ ಅದೇ ದಿನ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಿಲ್ಲ. ಲೆಕ್ಕ ನೋಡಿದರೆ ಮಡಿಕೇರಿಯಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಮೂರನೇ, ನಾಲ್ಕನೇ ವಾರದಲ್ಲಿ, ಆರು ಗಂಟೆಗೆ ಸ್ವಲ್ಪ ಮೊದಲು. ಡಿಸೆಂಬರ್ 21ರ ಹೊತ್ತಿಗೆ ಅದು ಆರು ದಾಟಿ ಏಳೆಂಟು ನಿಮಿಷ ಆಗಿರುತ್ತದೆ. ಅಂದರೆ ಸಂಜೆ ಆಗಲೇ ಉದ್ದವಾಗುತ್ತಾ ಇರುತ್ತದೆ. ಬೆಳಗ್ಗೆ ಮಾತ್ರ ಇನ್ನೂ ತಡ, ಇನ್ನೂ ತಡ ಅಂತ ಜನವರಿ ಕೊನೆಯ ತನಕ ಮುಂದೆ ಮುಂದೆ ಹೋಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ಗುಂಡಗಿಲ್ಲ. ಜನವರಿ ಮೊದಲ ವಾರ ನಾವು ಅವನಿಗೆ ತೀರಾ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ 15.2 ಕೋಟಿ. ಹತ್ತಿರ ಇದ್ದಾಗ ಭೂಮಿಯ ಓಟ ಜೋರು. ಅದರ ಜೊತೆ ಭೂಮಿ ಓರೆಯಾಗಿರುವುದೂ ಸೇರಿ, ಈ ತಿಂಗಳುಗಳಲ್ಲಿ ನಡುಹಗಲೇ ಗಡಿಯಾರದಲ್ಲಿ ದಿನ ದಿನಕ್ಕೆ ಮುಂದಕ್ಕೆ ಜರುಗುತ್ತದೆ. ಅದರ ಹಿಂದೆ ಬೆಳಗೂ ಸಂಜೆಯೂ.

ನನಗೆ ಇದರಿಂದ ಒಂದು ಸಮಾಧಾನ ಸಿಕ್ಕಿತು. ಮುಪ್ಪು ಅನ್ನುವುದು ಒಂದು ದಿನ ಬಂದು ಬಾಗಿಲು ತಟ್ಟುತ್ತದೆ ಅಂತ ನಾನು ಕಾಯುತ್ತಿದ್ದೆ. ನಿವೃತ್ತಿಯ ದಿನ ಬಂದೀತು, ಮೊದಲ ಮೊಮ್ಮಗಳು ಹುಟ್ಟಿದಾಗ ಬಂದೀತು ಅಂತ. ಬರಲಿಲ್ಲ. ಓದುವ ಕಣ್ಣು ನಲವತ್ತರ ಹೊತ್ತಿಗೇ ಹೋಗಿತ್ತು, ಆಗ ನಾನು ಬೆಟ್ಟ ಹತ್ತುತ್ತಿದ್ದೆ. ಮಂಡಿ ಐವತ್ತೈದಕ್ಕೆ. ಹೆಸರುಗಳು ಈಗ ಈಗ ತಪ್ಪುತ್ತಿವೆ. ಆದರೆ ಅದೇ ಹೊತ್ತಿಗೆ ಕೆಲವು ಬೆಳೆಯುತ್ತಲೂ ಇವೆ. ಸಿಟ್ಟು ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಒಂದು ಹಕ್ಕಿಯನ್ನು ಅದು ಹಾರಿ ಹೋಗುವ ತನಕ ನೋಡಬಲ್ಲೆ. ಸೆಪ್ಟೆಂಬರ್ ಕಳೆದರೆ ನಮ್ಮ ತೋಡಿಗೆ ಹಳದಿ ಹೊಟ್ಟೆಯ, ಬಾಲ ಕುಣಿಸುವ ಹಕ್ಕಿ ಬರುತ್ತದೆ. ಹಿಮಾಲಯದ ಕಡೆಯಿಂದ ಬಂದು, ಬೇಸಿಗೆಯಲ್ಲಿ ವಾಪಸ್ ಹೋಗುವಂಥದ್ದು. ಅದು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುವುದನ್ನು ನೋಡುತ್ತಾ ಅರ್ಧ ಗಂಟೆ ಕಳೆದರೂ ಹೊತ್ತು ದಂಡವಾಯಿತು ಅನ್ನಿಸುವುದಿಲ್ಲ. ಮೂವತ್ತರಲ್ಲಿ ಇದು ನನ್ನಿಂದ ಆಗುತ್ತಿರಲಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞೆ ಇದರ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮುಂದೆ ಉಳಿದಿರುವ ಕಾಲ ಕಡಿಮೆ ಅಂತ ಮನಸ್ಸಿಗೆ ತಿಳಿದಾಗ, ಮನುಷ್ಯರು ತಮಗೆ ನಿಜವಾಗಿ ಮುಖ್ಯವಾದ ಕೆಲವೇ ಜನ, ಕೆಲವೇ ಕೆಲಸಗಳ ಕಡೆ ತಿರುಗುತ್ತಾರೆ ಅನ್ನುವುದು ಅವರ ವಾದ. ನನ್ನ ಅನುಭವವೂ ಅದೇ. ಆದರೆ ನಾನು ಒಂದು ಮಾತು ಸೇರಿಸುತ್ತೇನೆ. ಆ ಕೆಲವೇ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈಗ ಇಲ್ಲ.

ಇದು ಸರಿಯಾಗಿ ತಟ್ಟಿದ್ದು ಈ ಸಲದ ಹುತ್ತರಿಯಲ್ಲಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಹೊತ್ತು ನಿಗದಿ ಮಾಡುತ್ತಾರೆ. ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟುವುದು ಇಷ್ಟು ಹೊತ್ತಿಗೆ, ಕದಿರು ತೆಗೆಯುವುದು ಇಷ್ಟು ಹೊತ್ತಿಗೆ, ಊಟ ಇಷ್ಟು ಹೊತ್ತಿಗೆ ಅಂತ. ಬೆಂಗಳೂರು, ಮೈಸೂರಿನಲ್ಲಿರುವವರೂ ಅವತ್ತು ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಬಂದು ಸೇರುತ್ತಾರೆ. ಬೆಳದಿಂಗಳಲ್ಲಿ ಗದ್ದೆಗೆ ಇಳಿದು, ಕೋವಿಯಿಂದ ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗುತ್ತಾ ಕದಿರು ಕೊಯ್ದು ಮನೆ ತುಂಬಿಸಿಕೊಳ್ಳುತ್ತೇವೆ. ಆಮೇಲೆ ಹಿರಿಯರ ಕಾಲು ಮುಟ್ಟುವುದು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಸಾಲು ಎಷ್ಟು ಉದ್ದ ಇತ್ತು ಅಂದರೆ, ಬಗ್ಗಿ ಬಗ್ಗಿ ಕೊನೆಗೆ ಬರುವಾಗ ಸೊಂಟ ಹಿಡಿಯುತ್ತಿತ್ತು. ಮಾವ, ಅತ್ತೆ, ದೊಡ್ಡ ಮಾವ, ಅವರ ಮನೆಯವರು, ಮದುವೆಯಾಗದೆ ಮನೆಯಲ್ಲೇ ಉಳಿದಿದ್ದ ಸೋದರತ್ತೆ, ದೊಡ್ಡ ಭಾವ, ಅತ್ತಿಗೆ. ಒಬ್ಬೊಬ್ಬರ ಕೈ ಒಂದೊಂದು ರೀತಿ. ಮಾವನವರದು ತಲೆಯ ಮೇಲೆ ಭಾರವಾಗಿ ಕೂರುತ್ತಿತ್ತು. ಸೋದರತ್ತೆ ಕೆನ್ನೆ ಸವರಿ ಬಿಡುತ್ತಿದ್ದರು, ಬೆರಳಿನಲ್ಲಿ ಎಲೆ ಅಡಿಕೆಯ ವಾಸನೆ. ವರ್ಷ ವರ್ಷ ಆ ಸಾಲು ಕುಗ್ಗುತ್ತಾ ಬಂತು. ಹೋದ ಮಳೆಗಾಲದಲ್ಲಿ ಅತ್ತಿಗೆಯೂ ಹೋದರು. ಈ ಸಲ ನಾನು ನಮ್ಮವರ ಕಾಲು ಮುಟ್ಟಿ ಎದ್ದೆ. ಮುಂದೆ ಯಾರೂ ಇರಲಿಲ್ಲ. ಖಾಲಿ ಬೆಂಚು. ಯಾರೋ ನನ್ನ ತೋಳು ಹಿಡಿದು ಅಲ್ಲಿ ಕೂರಿಸಿದರು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಬಂದು ನನ್ನ ಕಾಲು ಮುಟ್ಟತೊಡಗಿದರು. ಹರಸಿದೆ. ಕೈ ತಲೆಯ ಮೇಲಿಡುವಾಗ ಯಾರ ಹಾಗೆ ಇಡಬೇಕು ಅಂತ ಗೊತ್ತಾಗಲಿಲ್ಲ. ಮಾವನವರ ಹಾಗೆ ಇಟ್ಟೆ.

ಅವತ್ತಿನಿಂದ ಕಣದಲ್ಲಿ ಕೂತಾಗ ನಾನು ಯೋಚಿಸುವುದು ಇದನ್ನೇ. ವಯಸ್ಸಾದ ಹಾಗೆ ನನಗೆ ಯಾರು ಯಾರು ಏನೇನು ಮಾಡಿದರು ಅನ್ನುವುದು ಹೆಚ್ಚು ಹೆಚ್ಚು ಕಾಣುತ್ತಿದೆ. ಹಿಂದೆ ಲೆಕ್ಕಕ್ಕೇ ಬಾರದಿದ್ದ ಸಣ್ಣ ಸಣ್ಣ ಉಪಕಾರಗಳು ಈಗ ಎದ್ದು ನಿಲ್ಲುತ್ತಿವೆ. ಆದರೆ ಅದನ್ನು ಹೇಳೋಣ ಅಂದರೆ ಎದುರಿಗೆ ಆ ಜನ ಇಲ್ಲ. ಋಣ ಗೊತ್ತಾಗುವ ಹೊತ್ತಿಗೆ ಕೊಟ್ಟವರು ಹೋಗಿರುತ್ತಾರೆ. ದಿನಕ್ಕೆ ಐದು ಒಳ್ಳೆಯ ವಿಷಯ ಪುಸ್ತಕದಲ್ಲಿ ಬರೆಯಿರಿ, ಮನಸ್ಸು ಹಗುರವಾಗುತ್ತದೆ ಅಂತ ಮಗಳು ಒಂದು ಚೆಂದದ ಡೈರಿ ತಂದುಕೊಟ್ಟಿದ್ದಾಳೆ. ಬರೆಯುತ್ತಿದ್ದೇನೆ, ಒಳ್ಳೆಯದೇ ಅದು. ಆದರೂ ಉಪಕಾರ ಅನ್ನುವುದು ಒಬ್ಬ ಮನುಷ್ಯನಿಂದ ಬಂದದ್ದು, ಅದು ಒಬ್ಬ ಮನುಷ್ಯನಿಗೇ ಮುಟ್ಟಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಕೆಲವು ಸಲ ಆ ಮನುಷ್ಯ ಯಾರು ಅಂತಲೇ ಗೊತ್ತಿರುವುದಿಲ್ಲ. ನಾನು ಸಂಜೆ ಹಾಕುವ ಈ ಕಂದು ಸ್ವೆಟರ್ 2018ರ ಆಗಸ್ಟ್‌ನದು. ಗುಡ್ಡಗಳು ಕುಸಿದ ಆ ಮಳೆಯನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮುಕ್ಕೋಡ್ಲು. ಗದ್ದೆ, ತೋಟ, ಮನೆ ಎಲ್ಲ ಮಣ್ಣಿನ ಜೊತೆ ಹೋದವು. ನಮ್ಮ ಮನೆ ಉಳಿಯಿತು, ಆದರೆ ಮೇಲಿನ ಗುಡ್ಡ ಬಿರುಕು ಬಿಟ್ಟಿತ್ತು. ಉಟ್ಟ ಬಟ್ಟೆಯಲ್ಲೇ ಹೊರಟು ಪರಿಹಾರ ಕೇಂದ್ರ ಸೇರಿದೆವು. ಅಲ್ಲಿ ನಾಡಿನ ಮೂಲೆ ಮೂಲೆಯಿಂದ ಬಂದ ಬಟ್ಟೆಯ ರಾಶಿ ಇತ್ತು. ನನ್ನ ಹಿಂದಿನ ವಿದ್ಯಾರ್ಥಿಯೊಬ್ಬ ಸ್ವಯಂಸೇವಕನಾಗಿ ಬಂದಿದ್ದ. "ಟೀಚರ್, ನೀವು ನಡುಗ್ತಾ ಇದ್ದೀರಿ, ಇದು ಹಾಕ್ಕೊಳ್ಳಿ" ಅಂತ ರಾಶಿಯಿಂದ ತೆಗೆದು ಕೊಟ್ಟದ್ದು ಈ ಸ್ವೆಟರ್. ಕೈಯಲ್ಲಿ ಹೆಣೆದದ್ದು. ಬಲಗೈಯ ತುದಿ ಹಿಂದೊಮ್ಮೆ ಬಿಟ್ಟುಹೋಗಿತ್ತು ಅಂತ ಕಾಣುತ್ತದೆ. ಯಾರೋ ಅದನ್ನು ಹಸಿರು ಉಲ್ಲನ್‌ನಲ್ಲಿ ಮತ್ತೆ ಹೆಣೆದು ಸರಿ ಮಾಡಿದ್ದಾರೆ. ಹೆಣಿಗೆ ಅಷ್ಟು ಬಿಗಿ, ಅಷ್ಟು ಸಮ. ಯಾರದ್ದೋ ಅವ್ವ ಯಾರಿಗೋ ಅಂತ ಹೆಣೆದದ್ದು, ಜೋಪಾನ ಮಾಡಿದ್ದು, ಕೊಡಗಿನಲ್ಲಿ ಜನ ಚಳಿಯಲ್ಲಿದ್ದಾರೆ ಅಂತ ಟಿವಿಯಲ್ಲಿ ನೋಡಿ ಕೊಟ್ಟದ್ದು. ಆಮೇಲೆ ಮಗ ಒಳ್ಳೆಯ ಜಾಕೆಟ್ ತಂದಿದ್ದಾನೆ. ಅದು ಮದುವೆ ಮುಂಜಿಗೆ. ಸಂಜೆಗೆ ಇದೇ.

ಹೋದ ವಾರ ಹೀಗೆ ಕೂತು ಇರುವವರ, ಇಲ್ಲದವರ ಮುಖಗಳನ್ನು ಒಂದೊಂದಾಗಿ ನೆನೆಯುತ್ತಿದ್ದಾಗ ನಮ್ಮ ದೊಡ್ಡ ಟೀಚರ್ ನೆನಪಾದರು. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯ ಮುಖ್ಯೋಪಾಧ್ಯಾಯಿನಿ. ಇಬ್ಬರೇ ಟೀಚರುಗಳ ಶಾಲೆ. ಬಸ್ಸು ಇಳಿದು ಒಂದು ಗಂಟೆ ನಡೆಯಬೇಕಿತ್ತು. ಮಳೆಗಾಲದಲ್ಲಿ ಅವರ ಮನೆಯಲ್ಲೇ ನನ್ನನ್ನು ಇಟ್ಟುಕೊಂಡಿದ್ದರು. ಒದ್ದೆ ಸೌದೆಯಲ್ಲಿ ಒಲೆ ಹೊತ್ತಿಸುವುದರಿಂದ ಹಿಡಿದು ಹಾಜರಿ ಪುಸ್ತಕ ಬರೆಯುವ ತನಕ ಕಲಿಸಿದವರು ಅವರೇ.

ನಾನು ಸೇರಿದ ಎರಡನೇ ವರ್ಷ ಅವ್ವನಿಗೆ ಜೋರು ಕಾಯಿಲೆ. ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ರಜೆ ಕೇಳಲು ನನಗೆ ಬಾಯಿ ಬರಲಿಲ್ಲ. ನಾನು ಹೋದರೆ ಶಾಲೆಗೆ ಅವರೊಬ್ಬರೇ. ದೊಡ್ಡ ಟೀಚರೇ ರಜೆ ಅರ್ಜಿ ಬರೆದು ತಂದು ಮೇಜಿನ ಮೇಲಿಟ್ಟರು. "ಸೈನ್ ಹಾಕು. ಮಕ್ಕಳು ಎಲ್ಲಿಗೂ ಓಡಿ ಹೋಗುವುದಿಲ್ಲ. ನಿನ್ನ ಅವ್ವ ಕಾಯುವುದಿಲ್ಲ" ಅಂದರು. ಒಂದರಿಂದ ನಾಲ್ಕರ ತನಕ ಎಲ್ಲ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಒಬ್ಬರೇ ಪಾಠ ಮಾಡಿದರು. ನಾನು ಅವ್ವನ ಕೊನೆಯ ದಿನಗಳಲ್ಲಿ ಅವಳ ತಲೆ ಬಾಚಿದೆ, ಗಂಜಿ ಕುಡಿಸಿದೆ, ರಾತ್ರಿ ಅವಳ ಕಾಲು ಒತ್ತಿದೆ. ಅವಳ ಜೊತೆ ಕಳೆದ ಅಷ್ಟೂ ಹೊತ್ತು ದೊಡ್ಡ ಟೀಚರ್ ಕೊಟ್ಟದ್ದು. ವಾಪಸ್ ಹೋದ ದಿನ ಅವರು ಚಾಕ್‌ಪೀಸಿನ ಡಬ್ಬ ಕೈಗಿತ್ತು "ಎರಡನೆಯವರಿಗೆ ಮಗ್ಗಿ ಹೇಳಿಕೊಡು" ಅಂದರು, ಅಷ್ಟೇ. ನಾವು ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ಆ ವಿಷಯ ಮಾತ್ರ ನಮ್ಮ ನಡುವೆ ಮತ್ತೆ ಬಂದಿಲ್ಲ.

ಅವರಿಗೆ ಈಗ ತೊಂಬತ್ತರ ಹತ್ತಿರ. ವಿರಾಜಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಟಾರ್ಪಾಲಿನ ಮೇಲೆ ಕಲ್ಲು ಇಟ್ಟವಳೇ ಒಳಗೆ ಹೋಗಿ ಫೋನ್ ಮಾಡಿದೆ. ಮಗಳು ಎತ್ತಿ ಅವರ ಕಿವಿಗೆ ಹಿಡಿದಳು.

"ದೊಡ್ಡ ಟೀಚರ್, ನಾನು."

"ಯಾರು?"

ಹೆಸರು ಹೇಳಿದೆ. ಶಾಲೆಯ ಹೆಸರೂ ಹೇಳಿದೆ.

"ಓ, ನೀನಾ ಮಾರಾಯ್ತಿ! ಎಲ್ಲಿ ಸತ್ತಿದ್ದೆ ಇಷ್ಟು ದಿನ?"

"ಮುಂದಿನ ಭಾನುವಾರ ಬರ್ತೇನೆ ಟೀಚರ್. ನಿಮ್ಮ ಕಾಲು ಮುಟ್ಟಬೇಕು."

"ಕಾಲಿಗೆ ಏನಾಗಿದೆ? ಬಾ, ಊಟಕ್ಕೇ ಬಾ. ಒಬ್ಬಳೇ ಬರ್ತೀಯಾ, ಅವರೂ ಉಂಟಾ?"

"ಇಬ್ಬರೂ ಬರ್ತೇವೆ. ಅವತ್ತು ಅವ್ವನಿಗೆ ಹುಷಾರಿಲ್ಲದಾಗ ನೀವು ರಜೆ ಅರ್ಜಿ..."

"ಅದೆಲ್ಲ ಬಂದು ಹೇಳು. ಫೋನಲ್ಲಿ ನನಗೆ ಸರಿ ಕೇಳೋದಿಲ್ಲ. ಒಂದು ಕೆಲಸ ಮಾಡು. ನಿಮ್ಮ ಮನೆ ಹಿಂದೆ ಕಿತ್ತಳೆ ಮರ ಇತ್ತಲ್ಲ, ಉಂಟಾ ಇನ್ನೂ?"

ಹಿಂದೆ ನಮ್ಮಲ್ಲಿ ಕಾಫಿಯ ನಡುವೆ ತುಂಬಾ ಕಿತ್ತಳೆ ಇತ್ತು. ರೋಗ ಬಂದು ಕೊಡಗಿನಲ್ಲೆಲ್ಲ ಹೋದ ಹಾಗೆ ನಮ್ಮಲ್ಲೂ ಹೋಯಿತು. ಒಂದು ಮರ ಉಳಿದಿದೆ.

"ಉಂಟು ಟೀಚರ್. ಹಣ್ಣೂ ಉಂಟು."

"ಅದನ್ನೇ ತಾ. ಸಡಿಲ ಸಿಪ್ಪೆಯದ್ದು, ಸುಲಿದರೆ ಕೋಣೆಯೆಲ್ಲ ಪರಿಮಳ ಬರುವಂಥದ್ದು. ಅಂಗಡಿಯದ್ದು ಹಿಡ್ಕೊಂಡು ಬಂದ್ರೆ ನಾನು ಮುಟ್ಟೋದಿಲ್ಲ, ಹೇಳಿದ್ದೇನೆ."

ಕೆಳಗಿನ ಕೊಂಬೆಯ ಹಣ್ಣೆಲ್ಲ ಮೊಮ್ಮಕ್ಕಳು ಹುತ್ತರಿಗೆ ಬಂದಾಗಲೇ ತಿಂದು ಮುಗಿಸಿದ್ದಾರೆ. ಒಳ್ಳೆಯವು ಇರುವುದು ಮೇಲೆ. ಶನಿವಾರ ಬೆಳಗ್ಗೆ ಏಣಿ ಹಾಕಿ ಕೊಯ್ದು ಕೊಡು ಅಂತ ಪಕ್ಕದ ಮನೆಯ ಹುಡುಗನಿಗೆ ಹೇಳಿಟ್ಟಿದ್ದೇನೆ. ಕಾಲು ಗಂಟೆಯ ಕೆಲಸ. ಹಕ್ಕಿಗಳಿಗೆ ಅಂತ ನಾಲ್ಕೈದು ಬಿಟ್ಟು ಉಳಿದದ್ದೆಲ್ಲ ವಿರಾಜಪೇಟೆಗೆ.